ಕಾಕಾ ನಡೆಸಿದ ಮನೆ

ನಮ್ಮ ಕಾಕಾನ ಎಡಗೈ ತುಂಬ ಕರಡಿಯಂಥ ಕೂದಲು. ಬಲಗೈ ಮಾತ್ರ ಮೊಣಕೈವರೆಗೆ ಬೋಳು. ಹುಟ್ಟಿನಿಂದ ಹಾಗಿದ್ದದ್ದಲ್ಲ. ದಿನಾಲು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಂಚಿನ ಮೇಲೆ ರೊಟ್ಟಿ ಹಾಕಿ, ಬರಿಗೈಯಿಂದ ಅದರ ಮೈಗೆ ನೀರು ಸವರಿ ತಿರುವಿ ಹಾಕುವಾಗ ಒಲೆಯ ಉರಿ ಆ ಕೈಯನ್ನು ತಡವಿ ಹೋಗುತ್ತಿತ್ತು. ಸುಟ್ಟ ಕೂದಲು ಮತ್ತೆ ಚಿಗುರುವಷ್ಟರಲ್ಲಿ ಮತ್ತೊಂದು ಬುಟ್ಟಿ ರೊಟ್ಟಿಯಾಗಿರುತ್ತಿತ್ತು. ಹುಕ್ಕೇರಿಯ ಗಂಡಸರು ಚಾವಡಿಯ ಕಟ್ಟೆಯ ಮೇಲೆ ಕೂತು ಆ ಕೈಯನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಕಾಕಾ ಅಂಗಿಯ ತೋಳು ಏರಿಸಿಕೊಂಡೇ ಅವರ ಮುಂದೆ ಹಾದು ಹೋಗುತ್ತಿದ್ದ. ಮುಚ್ಚಿಕೊಳ್ಳುವ ಗೋಜಿಗೆ ಹೋದವನಲ್ಲ.

ಅವನು ನಮ್ಮಪ್ಪನ ತಮ್ಮ. ಮದುವೆಯಾಗಿರಲಿಲ್ಲ. ಮೀಸೆ ಮೂಡುವ ವಯಸ್ಸಿಗೇ ಗೋಕಾಕ ಫಾಲ್ಸಿನ ಹತ್ತಿ ಗಿರಣಿಗೆ ಕೆಲಸಕ್ಕೆ ಹೋಗಿದ್ದ. ಅಲ್ಲಿ ಒಂದು ಖೋಲಿಯಲ್ಲಿ ಊರೂರಿನ ಗಂಡಸರು ಒಟ್ಟಿಗೆ ಇರುತ್ತಿದ್ದರಂತೆ. ಅಡಿಗೆ ಪಾಳಿಯ ಮೇಲೆ. ಕಾಕಾನ ಪಾಳಿ ಬಂದ ದಿನ ಎಲ್ಲರೂ ಹೊತ್ತಿಗೆ ಮುಂಚೆ ಊಟಕ್ಕೆ ಬಂದು ಕೂರುತ್ತಿದ್ದರು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ನಮ್ಮಲ್ಲಿಗೆ ಬಂದ ಹೊಸದರಲ್ಲಿ ಅವನ ರೊಟ್ಟಿ ಮನೆಯ ಅಡ್ಡಬಾಗಿಲಿನಷ್ಟು ದಪ್ಪ ಇರುತ್ತಿತ್ತೆಂಬುದಕ್ಕೆ ಮಾತ್ರ ನಾನೇ ಸಾಕ್ಷಿ.

ನಾನು ಎಂಟು ವರ್ಷದವಳಿದ್ದಾಗ ಊರಿಗೆ ಪ್ಲೇಗು ಬಂತು. ಎಲ್ಲರೂ ಮನೆಗೆ ಕೀಲಿ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಅವ್ವ ಆ ಗುಡಿಸಲಿನಲ್ಲಿಯೇ ತೀರಿಕೊಂಡಳು. ಅವಳನ್ನು ಅದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಬೇನೆ ಇಳಿದ ಮೇಲೆ ಅಪ್ಪ ಮತ್ತು ನಾನು ಊರೊಳಗಿನ ಮನೆಗೆ ತಿರುಗಿ ಬಂದೆವು. ಕೀಲಿ ತೆಗೆದಾಗ ಒಳಗಿನ ಧೂಳು, ಇಲಿ ಹಿಕ್ಕೆ, ಅವ್ವ ಗೋಡೆಗೆ ಆನಿಸಿಟ್ಟು ಹೋಗಿದ್ದ ಮೊರ, ಎಲ್ಲ ನೋಡಿ ಅಪ್ಪ ಹೊಸ್ತಿಲ ಮೇಲೆಯೇ ಕೂತುಬಿಟ್ಟ. ಅವನದು ಅರಿವೆಯ ವ್ಯಾಪಾರ. ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗುವುದಷ್ಟೇ ಗೊತ್ತು. ಮನೆಯೆಂದರೆ ಉಂಡು ಮಲಗುವ ಜಾಗ ಎಂದು ತಿಳಿದಿದ್ದ ಮನುಷ್ಯ.

ಸುದ್ದಿ ಕೇಳಿ ಕಾಕಾ ಫಾಲ್ಸಿನಿಂದ ಬಂದ. ಬಂದವನು ಅಳಲಿಲ್ಲ, ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ. ಧೋತರ ಮೇಲೆ ಕಟ್ಟಿ, ತಲೆಗೊಂದು ಟವಲು ಸುತ್ತಿ ಕಸಬರಿಗೆ ಕೈಗೆ ತೆಗೆದುಕೊಂಡ. ಸಂಜೆಯ ಹೊತ್ತಿಗೆ ಮನೆ ಮನೆಯಂತೆ ಕಂಡಿತು. ಮರುದಿನ ಗಿರಣಿಗೆ ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ಆಮೇಲೆಯೂ ಹೋಗಲಿಲ್ಲ. ಆ ಬಗ್ಗೆ ಯಾರೂ ಕೂತು ಮಾತಾಡಿದ್ದು ನನಗೆ ನೆನಪಿಲ್ಲ.

ಬೆಳಕು ಹರಿಯುವ ಮುಂಚೆ ಕಾಕಾ ಎಮ್ಮೆಯ ಸೆಗಣಿ ತೆಗೆದು, ಅಂಗಳಕ್ಕೆ ಸೆಗಣಿನೀರು ಹೊಡೆಯುತ್ತಿದ್ದ. ಗಂಡಸು ಅಂಗಳ ಸಾರಿಸುವುದನ್ನು ನೋಡಲು ಮೊದಮೊದಲು ಓಣಿಯ ಹೆಂಗಸರು ಕೊಡ ಹೊತ್ತು ನಿಧಾನವಾಗಿ ಹಾದುಹೋಗುತ್ತಿದ್ದರು. ಬಾವಿಗೆ ಹೋಗುವ ದಾರಿ ನಮ್ಮ ಮನೆಯ ಮುಂದೆ ಇರಲೇ ಇಲ್ಲ ಎಂಬುದು ಬೇರೆ ಮಾತು. ಒಬ್ಬಳು ಧೈರ್ಯ ಮಾಡಿ, “ಏನ್ರಿ, ಇದೆಲ್ಲಾ ನೀವ ಮಾಡೂದ?” ಎಂದು ಕೇಳಿದಾಗ ಕಾಕಾ ಬಗ್ಗಿದವನು ಏಳದೆ ಹೇಳಿದ್ದ: “ಹಿಡಿದಾಂವಗ ಮೀಸಿ ಐತೋ ಇಲ್ಲೋ ಕಸಬರಿಗಿಗೇನ ಗೊತ್ತರಿ?”

ಆಮೇಲೆ ಬೀಸುವ ಕಲ್ಲು. ಅವನು ಕಾಲು ಚಾಚಿ ಕೂತರೆ ಆ ಕಡೆಯ ಗೋಡೆಗೆ ಪಾದ ತಾಗುತ್ತಿತ್ತು. ಬೀಸುವಾಗ ಹೆಂಗಸರು ಹಾಡುತ್ತಾರೆ. ಕಾಕಾನಿಗೆ ಹಾಡು ಬರುತ್ತಿರಲಿಲ್ಲ. ಅದರ ಬದಲಿಗೆ ಆ ದಿನ ಮಾಡಬೇಕಾದ ಕೆಲಸಗಳನ್ನು ಕಲ್ಲಿನ ತಿರುವಿಗೆ ಸರಿಯಾಗಿ ರಾಗವಾಗಿ ಹೇಳಿಕೊಳ್ಳುತ್ತಿದ್ದ. ಸೆಗಣಿಯ ಕುಳ್ಳು ತಟ್ಟಬೇಕು, ಹೀರಿಬಳ್ಳಿಗೆ ಹಂದರ ಕಟ್ಟಬೇಕು, ಬಚ್ಚಲ ಕಲ್ಲು ತಿಕ್ಕಬೇಕು. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಕೇಳುತ್ತಿದ್ದೆ. ಎಷ್ಟೋ ದಿನ ಅದೂ ಒಂದು ಹಾಡೇ ಎಂದು ತಿಳಿದಿದ್ದೆ.

ಹಿತ್ತಲು ಅವ್ವನ ಕಾಲದಲ್ಲಿ ಇದ್ದಂತೆ ಬೆಳೆದುಕೊಂಡು ನಿಂತಿತ್ತು. ಕಾಕಾ ಅದನ್ನು ಗಿರಣಿಯ ಶಿಸ್ತಿಗೆ ತಂದ. ಮೆಂತ್ಯೆ ಒಂದು ಸಾಲು, ಪುಂಡಿ ಒಂದು ಸಾಲು, ಚವಳಿ ಒಂದು ಸಾಲು. ಹಗ್ಗ ಹಿಡಿದು ಮಡಿ ಮಾಡಿದ್ದ. ಬಚ್ಚಲಿನ ನೀರು ಒಂದು ಹನಿ ಹಾಳಾಗದಂತೆ ಸಣ್ಣ ಕಾಲುವೆ ತೋಡಿ ಬಾಳೆಗೂ ಕರಿಬೇವಿಗೂ ಪೂಜೆಗೆ ಬೇಕಾದ ಪತ್ರಿಯ ಗಿಡಕ್ಕೂ ಹಾಯಿಸಿದ್ದ. ನಾನು ಸ್ನಾನಕ್ಕೆ ಕೂತರೆ ಹೊರಗಿನಿಂದ, “ಇನ್ನೊಂದ ತಂಬಿಗಿ ಹಾಕ್ಕೋ, ಬಾಳಿಗೆ ಮುಟ್ಟಿಲ್ಲ” ಎಂದು ಕೂಗುತ್ತಿದ್ದ. ನನ್ನ ಮೈ ಸ್ವಚ್ಛವಾಯಿತೋ ಇಲ್ಲವೋ ಎಂಬುದಕ್ಕಿಂತ ಬಾಳೆಯ ಚಿಂತೆ ಅವನಿಗೆ ಹೆಚ್ಚು ಎಂದು ನಾನು ಮುನಿಸಿಕೊಳ್ಳುತ್ತಿದ್ದೆ.

ಅವನದೊಂದು ಪದ್ಧತಿ ಇತ್ತು. ಯಾವ ಕೆಲಸವನ್ನೂ ತಾನೇ ಪೂರ್ತಿ ಮುಗಿಸುತ್ತಿರಲಿಲ್ಲ. ಪಡಸಾಲೆಯ ಕಸವನ್ನೆಲ್ಲ ಹೊಡೆದು ಹೊಸ್ತಿಲ ಹತ್ತಿರ ಗುಪ್ಪೆ ಮಾಡಿ ನಿಲ್ಲುತ್ತಿದ್ದ. “ಇನ್ನ ಕಡೀದು ನಿಂದು” ಎನ್ನುತ್ತಿದ್ದ. ನಾನು ಅದನ್ನು ಮೊರಕ್ಕೆ ತುಂಬಿ ತಿಪ್ಪೆಗೆ ಹಾಕಿ ಬರಬೇಕು. ಮೊಸರು ಅವನು ಕಡೆಯುತ್ತಿದ್ದ, ಬೆಣ್ಣೆ ತೇಲಿದಾಗ ನನ್ನನ್ನು ಕರೆಯುತ್ತಿದ್ದ. ಪಾತ್ರೆ ಅವನು ತಿಕ್ಕುತ್ತಿದ್ದ, ಒರೆಸಿ ಗೋಡೆಯ ಮಾಡಿನಲ್ಲಿ ಜೋಡಿಸುವುದು ನನ್ನದು. ಸಂಜೆ ಅಪ್ಪ ಸಂತೆಯಿಂದ ಬಂದರೆ ಕಾಕಾ ನನ್ನ ಕಡೆ ಕೈಮಾಡಿ, “ಇವತ್ತ ಎಲ್ಲಾ ಅಕಿನ ಮುಗಿಸ್ಯಾಳ ನೋಡ” ಎನ್ನುತ್ತಿದ್ದ. ಸುಳ್ಳಲ್ಲ, ಮುಗಿಸಿದ್ದು ನಾನೇ. ಅವ್ವ ಹೋದ ಮೇಲೆ ಈ ಮನೆ ನನ್ನಿಂದಲೇ ನಡೆಯುತ್ತಿದೆ ಎಂಬ ಠೇಂಕಾರ ನನಗೆ ಬಂದುಬಿಟ್ಟಿತ್ತು. ತಾಯಿ ಸತ್ತ ಹುಡುಗಿ ಅಯ್ಯೋ ಎನ್ನಿಸಿಕೊಂಡು ಬೆಳೆಯುತ್ತಾಳೆ. ನಾನು ಹಾಗೆ ಬೆಳೆಯಲಿಲ್ಲ, ಅದಕ್ಕೆ ಕಾರಣ ಕಾಕಾನ ಈ ಪದ್ಧತಿ ಎಂದು ತಿಳಿಯಲು ನನಗೆ ಮಕ್ಕಳಾಗಬೇಕಾಯಿತು.

ಊರಿನಲ್ಲಿ ಎಲ್ಲರೂ ಒಪ್ಪಿಕೊಂಡ ಮೇಲೂ ಒಪ್ಪದಿದ್ದವಳು ಒಬ್ಬಳಿದ್ದಳು. ಅಪ್ಪನಿಗೂ ಕಾಕಾನಿಗೂ ಹಿರಿಯಳಾದ ನನ್ನ ಸೋದರತ್ತೆ. ಮೂಡಲಗಿಯ ಒಕ್ಕಲುತನದ ದೊಡ್ಡ ಮನೆಗೆ ಕೊಟ್ಟಿದ್ದರಿಂದ ನಾವೆಲ್ಲ ಮೂಡಲಗಿ ಅತ್ತೆ ಎನ್ನುತ್ತಿದ್ದೆವು. ಎತ್ತರದ ಹೆಂಗಸು, ಧ್ವನಿ ಅದಕ್ಕಿಂತ ಎತ್ತರ. ಅವ್ವನ ದಿನಕರ್ಮಕ್ಕೆ ಬಂದಾಗಲೇ ಅಪ್ಪನಿಗೆ ಹೇಳಿ ಹೋಗಿದ್ದಳು: “ಹೆಣ್ಣದಿಕ್ಕಿಲ್ಲದ ಮನಿಯಾಗ ಹೆಣ್ಣಕೂಸ ಬೆಳಿಯಂಗಿಲ್ಲ. ಶ್ರಾವಣದಾಗ ಬಂದು ಕರಕೊಂಡು ಹೋಗತೇನಿ.” ಅಪ್ಪ ಆಗಲಿ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಅಪ್ಪ ಹಾಗೆಯೇ.

ಮೂಡಲಗಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಅತ್ತೆ ಕೆಟ್ಟವಳಲ್ಲ. ಆದರೆ ಅಲ್ಲಿ ಬಚ್ಚಲಿನ ಹೊರಗೆ ನಿಂತು ಕೂಗುವವರು ಯಾರಿದ್ದಾರೆ? ಕಾಕಾನೂ ಆ ಮಾತು ತೆಗೆಯುತ್ತಿರಲಿಲ್ಲ. ಶ್ರಾವಣ ಹತ್ತಿರ ಬಂದಂತೆ ಅವನ ಕೆಲಸ ಮಾತ್ರ ಜೋರಾಯಿತು. ಗೋಡೆಗೆ ಸುಣ್ಣ ಆಯಿತು. ಒಲೆಗೆ ಹೊಸ ಮಣ್ಣು ಆಯಿತು. ಅಕ್ಕ ಬಂದು ನೋಡಿದರೆ ಒಂದು ಕೊರತೆ ಹೇಳಬಾರದು, ಅಷ್ಟೇ ಅವನ ಹಟ.

ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ರೊಟ್ಟಿ ಪಂಚಮಿ. ಹಬ್ಬದ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲವಾದ್ದರಿಂದ ಅದಕ್ಕೆ ಮುಂಚೆಯೇ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡಕ ರೊಟ್ಟಿ ಬಡಿದು ಒಟ್ಟುತ್ತಾರೆ. ಅವುಗಳ ಮೇಲೆ ಮಡಕಿಕಾಳು, ಎಣ್ಣೆಗಾಯಿ, ಅಗಸಿ ಹಿಂಡಿ ಇಟ್ಟು ಮನೆಯಿಂದ ಮನೆಗೆ ಹಂಚುತ್ತಾರೆ. ಕೊಟ್ಟ ಬುಟ್ಟಿ ಬರಿದಾಗಿ ತಿರುಗಿ ಬರುವುದಿಲ್ಲ. ಆ ಮನೆಯ ರೊಟ್ಟಿ ಈ ಬುಟ್ಟಿಗೆ ಬೀಳುತ್ತದೆ. ಸಂಜೆಗೆ ಪ್ರತಿಯೊಂದು ಮನೆಯಲ್ಲೂ ಓಣಿಯ ಎಲ್ಲ ಕೈಗಳ ರೊಟ್ಟಿ ಇರುತ್ತದೆ.

ಆ ಸಲ ಕಾಕಾ ಹಿಂದಿನ ದಿನದಿಂದಲೇ ಬಡಿಯಲು ಕೂತಿದ್ದ. ನಾನು ಎಳ್ಳು ಉದುರಿಸುತ್ತಿದ್ದೆ. ರೊಟ್ಟಿಯ ಗುಡ್ಡೆ ಅವನ ತಲೆಯೆತ್ತರಕ್ಕೆ ಬಂದಾಗ ಎದ್ದು ಸೊಂಟ ಹಿಡಿದುಕೊಂಡು ಅದನ್ನು ಹಿಂದೆ ಸರಿದು ನೋಡಿದ. ಗಿರಣಿಯಲ್ಲಿ ಬಟ್ಟೆಯ ಥಾನು ಮುಗಿದಾಗ ಹೀಗೇ ನೋಡುತ್ತಿದ್ದನೇನೋ. ಬುಟ್ಟಿ ತುಂಬಿ ನನ್ನ ತಲೆಯ ಮೇಲೆ ಇಟ್ಟ. “ಕಡೀದು ನಿಂದು. ಒಂದ ಮನಿನೂ ಬಿಡಬ್ಯಾಡ. ನಿಮ್ಮವ್ವ ಬಿಡತಿದ್ದಿಲ್ಲ.”

ನಾನು ಹೊಸ ಪರಕಾರ ಉಟ್ಟು ಹೊರಟೆ. ಮೊದಲ ಮನೆಯ ಸೊಸೆ ಬುಟ್ಟಿ ನೋಡಿ ಒಳಗಿದ್ದ ತನ್ನ ಅತ್ತೆಯ ಮುಖ ನೋಡಿದಳು. ಅತ್ತೆ ಏನೋ ಸನ್ನೆ ಮಾಡಿದಳು. ರೊಟ್ಟಿ ತೆಗೆದುಕೊಂಡರು, ಬುಟ್ಟಿಗೆ ಏನೂ ಹಾಕಲಿಲ್ಲ. ಮುಂದಿನ ಮನೆಯಾಕೆ, “ಯಾರ ಕಳಿಸ್ಯಾರ ತಂಗಿ ನಿನ್ನ?” ಎಂದಳು. ಕಾಕಾ ಎಂದೆ. ಅವಳು ನನ್ನ ಗಲ್ಲ ಸವರಿ ಉಸಿರುಬಿಟ್ಟಳು. ಅಲ್ಲಿಯೂ ಬುಟ್ಟಿಗೆ ಏನೂ ಬೀಳಲಿಲ್ಲ. ಹಾಗೆಯೇ ಓಣಿ ಮುಗಿಯಿತು. ನನ್ನ ವಾರಿಗೆಯ ಹುಡುಗಿಯರು ತುಂಬಿದ ಬುಟ್ಟಿ ಹೊತ್ತು ಎದುರಾದರು. ನಾನು ಬರಿದಾದ ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದು ಓಡಿ ಮನೆಗೆ ಬಂದೆ.

ಕಾಕಾ ಬುಟ್ಟಿ ನೋಡಿದ. “ಯಾರೂ ಕೊಡಲಿಲ್ಲೇನ?”

ನಾನು ಇಲ್ಲ ಎಂದು ತಲೆಯಾಡಿಸಿದೆ. ಅವನು ತನ್ನ ಎರಡೂ ಕೈಗಳನ್ನು ನೋಡಿಕೊಂಡ. “ಗಂಡಸಿನ ಕೈ ರೊಟ್ಟಿ ಅಂತ ಇರಬೇಕ ಬಿಡ” ಎಂದು ಮೆಲ್ಲಗೆ ಅಂದ. ಚಾವಡಿಯವರು ಎಷ್ಟು ನಕ್ಕರೂ ಬಗ್ಗದವನ ಮುಖ ಆಗ ಸಪ್ಪಗಾದದ್ದು ನನ್ನ ಕಣ್ಣ ಮುಂದೆ ಇನ್ನೂ ಇದೆ.

ಆ ಹೊತ್ತಿಗೇ ಬಾಗಿಲಲ್ಲಿ ಎತ್ತಿನ ಗೆಜ್ಜೆ ಕೇಳಿತು. ಅತ್ತೆಯ ಚಕ್ಕಡಿ. ಗೋಕಾಕದಲ್ಲಿ ಒಂದು ರಾತ್ರಿ ತಂಗಿ, ಹೊಳೆ ತುಂಬಿದ್ದರಿಂದ ಧುಪದಾಳದ ಕಡೆ ಸುತ್ತು ಹಾಕಿ ಬಂದಿದ್ದಳು. ಕಾಲಿಗೆ ನೀರು ಹಾಕಿಕೊಂಡು ಒಳಗೆ ಬಂದವಳು ಸುಣ್ಣದ ಗೋಡೆ ನೋಡಿದಳು, ಒಲೆ ನೋಡಿದಳು, ರೊಟ್ಟಿಯ ಗುಡ್ಡೆ ನೋಡಿದಳು. ನಡೆದದ್ದನ್ನು ಕಾಕಾ ಹೇಳಿದ. ಅತ್ತೆ ಹಣೆ ಬಡಿದುಕೊಂಡಳು.

“ಇದು ಸಾವಾದ ಮನಿ ಐತಿ. ಇನ್ನೂ ವರ್ಷ ತುಂಬಿಲ್ಲ. ಈ ಸರತೆ ಈ ಮನಿ ರೊಟ್ಟಿ ಹೊರಗ ಹೋಗಂಗಿಲ್ಲ, ಹೊರಗಿನವು ಒಳಗ ಬರಬೇಕು. ಕೂಸಿನ ತಲಿ ಮ್ಯಾಲ ಬುಟ್ಟಿ ಹೊರಿಸಿ ಕಳಿಸಿದಿ, ಅವರರ ಏನ ಮಾಡ್ಯಾರು?”

“ನನಗ ತಿಳಿದಿದ್ದಿಲ್ಲ ಅಕ್ಕಾ” ಎಂದ ಕಾಕಾ.

“ತಿಳಿಯೂದಿಲ್ಲ. ಅದಕ್ಕ ನಾ ಹೇಳಿದ್ದು. ಸುಣ್ಣಾ ಹಚ್ಚಿದರ, ರೊಟ್ಟಿ ಬಡದರ ಮನಿ ಆಗಂಗಿಲ್ಲ. ನಾಳೆ ಹಾಲ ಎರೀಲಿ, ನಾಡದ ಕೂಸಿನ್ನ ಕರಕೊಂಡ ಹೊಂಟೆ.”

ಅಪ್ಪ ಪಡಸಾಲೆಯ ಕಂಬಕ್ಕೆ ಆನಿಸಿಕೊಂಡು ಕೂತಿದ್ದ. ಅಕ್ಕನ ಮಾತಿಗೆ ಹೂಂ ಎಂದ. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಕಾಕಾ ಎದ್ದ. ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ನನ್ನ ಕೈಹಿಡಿದು ಹೊರಗೆ ನಡೆದ.

ಓಣಿಯ ತುದಿಯಲ್ಲಿ ಒಬ್ಬ ಮುದುಕಿ ಇದ್ದಳು. ಎಲ್ಲರೂ ಅವಳಿಗೆ ಆಯಿ ಎನ್ನುತ್ತಿದ್ದರು. ಹೆರಿಗೆಗೆ, ಮದುವೆಗೆ, ಮಣ್ಣಿಗೆ ಅವಳನ್ನು ಕೇಳದೆ ಓಣಿಯಲ್ಲಿ ಏನೂ ಆಗುತ್ತಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕಾಕಾ ಅವಳ ಮುಂದೆ ನಿಂತು, “ತಪ್ಪಾತ ಆಯಿ. ಹೇಳವರು ಯಾರೂ ಇದ್ದಿಲ್ಲ. ನಮ್ಮ ಮನಿ ಸೂತಕದ ರೊಟ್ಟಿ ಓಣಿಗೆಲ್ಲಾ ಹಂಚಿದೆ” ಎಂದ.

ಆಯಿ ಶೇಂಗಾದ ಸಿಪ್ಪೆ ಊದಿದಳು. “ಲಿಂಗಾ ಕಟ್ಟಿದವರಿಗೆ ಎಲ್ಲಿ ಸೂತಕಪಾ? ಅದಲ್ಲ ಅದು. ಮನಿಯಾಗಿನ ಜೀವ ಹೋದ ವರ್ಷ ಆ ಮನಿಯವರು ಕೈ ಕಟಗೊಂಡ ಕುಂದರಬೇಕು. ಅವರ ಪಾಲಿನ ರೊಟ್ಟಿ ಓಣಿ ಬಡೀಬೇಕು. ಅಳಾಕ ಒಂದೀಟು ಪುರಸತ್ತ ಸಿಗಲಿ ಅಂತ ಹಿರಿಯರು ಮಾಡಿದ್ದು. ನಾವೆಲ್ಲಾ ನಿನ್ನ ಮನಿದು ಬ್ಯಾರೆ ತಗದ ಇಟ್ಟೇವಿ, ಸಂಜೀಕ ತರಬೇಕಂತ. ಅಷ್ಟರಾಗ ನೀನ ಬಡದ ಕಳಿಸಿದಿ. ನಮ್ಮ ಕೆಲಸಾ ನೀ ಕಸಗೊಂಡಿ.”

ಕಾಕಾ ಆಯಿಯ ಕಟ್ಟೆಯ ಮೇಲೆ ಕೂತು ಟವಲನ್ನು ಮುಖಕ್ಕೆ ಒತ್ತಿಕೊಂಡ. ಫಾಲ್ಸಿನಿಂದ ಬಂದ ದಿನದಿಂದ ಅವನು ಒಂದು ಗಳಿಗೆ ಕೈ ಕಟ್ಟಿ ಕೂತದ್ದನ್ನು ನಾನು ನೋಡಿರಲಿಲ್ಲ. ಅವನ ಹೆಗಲು ಅಲುಗುತ್ತಿತ್ತು. ನನಗೂ ಅಳು ಬಂತು. ಅವ್ವ ಸತ್ತಾಗ ಹೆದರಿ ಅತ್ತಿದ್ದೆ. ಅವಳಿಲ್ಲ ಎಂದು ಅತ್ತದ್ದು ಅಂದೇ, ಆಯಿಯ ಕಟ್ಟೆಯ ಮೇಲೆ, ಕಾಕಾನ ಬಾಜೂಕ್ಕೆ ಕೂತು. ಆಯಿ ನಮ್ಮನ್ನು ಸಮಾಧಾನ ಮಾಡಲು ಹೋಗಲಿಲ್ಲ. ತನ್ನ ಪಾಡಿಗೆ ಶೇಂಗಾ ಸುಲಿಯುತ್ತಿದ್ದಳು. ಬಹಳ ಹೊತ್ತಾದ ಮೇಲೆ ಒಳಗಿನಿಂದ ಕಾಕಾ ಕಳಿಸಿದ್ದ ರೊಟ್ಟಿ ತಂದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. “ಕೈ ಚಲೋ ಐತಿ. ಅಂಚು ಭಾಳ ದಪ್ಪ” ಎಂದಳು.

ಸಂಜೆ ಓಣಿಯ ಹೆಂಗಸರು ಬಂದರು. ಬುಟ್ಟಿ, ಮೊರ, ಸೆರಗಿನ ಮಡಿಲು, ಯಾವುದರಲ್ಲಿ ಆದರೆ ಅದರಲ್ಲಿ ರೊಟ್ಟಿ ತಂದರು. ಅತ್ತೆ ಎಲ್ಲವನ್ನೂ ಇಳಿಸಿಕೊಂಡಳು. “ಮೂಡಲಗಿಯಾಗ ನಮಗೂ ಇಷ್ಟ ಬರಂಗಿಲ್ಲ” ಎಂದು ಒಮ್ಮೆ ಅಂದಳು. ಆದರೆ ನನ್ನ ಅರಿವೆಗಳನ್ನು ಗಂಟು ಕಟ್ಟುವುದನ್ನು ಬಿಡಲಿಲ್ಲ.

ಹಾಲೆರೆದ ಮರುದಿನ ಮುಂಜಾನೆ ಚಕ್ಕಡಿ ಹೂಡಿದರು. ನನ್ನ ಗಂಟು ಚಕ್ಕಡಿಯಲ್ಲಿತ್ತು. ನಾನು ಅಡಿಗೆಮನೆಯ ಬಾಗಿಲು ಹಿಡಿದು ನಿಂತಿದ್ದೆ. ಕಾಕಾ ಅತ್ತೆಯ ಮುಂದೆ ಬಂದು ನಿಂತ.

“ಅಕ್ಕಾ, ನೀ ಇದನ್ನೆಲ್ಲಾ ಎಲ್ಲೆ ಕಲತಿ?”

“ಎಲ್ಲೆ ಅಂದರ? ಅವ್ವನ ಕಡಿಂದ.”

“ನನಗ ಅವ್ವ ಕಲಿಸಲಿಲ್ಲ. ನೀ ಕಲಿಸು. ಶ್ರಾವಣ ಮುಗಿಯೂತನಾ ಇರು. ಯಾವ ದಿನಾ ಏನ ಮಾಡಬೇಕು, ಏನ ಮಾಡಬಾರದು, ಎಲ್ಲಾ ಹೇಳು. ನಾ ಕಲೀತೇನಿ.”

“ಮೀಸಿ ಹೊತ್ತಾಂವ ಇದನ್ನ ಕಲಿತಾನಂತ” ಎಂದು ಅತ್ತೆ ನಕ್ಕಳು. ಕಾಕಾ ನಗಲಿಲ್ಲ. “ಒಂದೀಟು ಹಿತ್ತಲಕ ಬಾ” ಎಂದ. ಇಬ್ಬರೂ ಬಾಳೆಯ ಹತ್ತಿರ ನಿಂತು ಮಾತಾಡಿದರು. ಮಾತಾಡಿದವನು ಕಾಕಾ. ಅತ್ತೆ ಸುಮ್ಮನೆ ಕೇಳುತ್ತಿದ್ದಳು, ಅದೇ ಒಂದು ಆಶ್ಚರ್ಯ. ತಿರುಗಿ ಬಂದಾಗ ಅವಳ ಮೂಗು ಕೆಂಪಾಗಿತ್ತು. ಚಕ್ಕಡಿಯವನಿಗೆ, “ಕೊಳ್ಳ ಹರಿ” ಎಂದಳು. ಎತ್ತುಗಳನ್ನು ಬಿಚ್ಚಿದರು. ನಾನು ನನ್ನ ಗಂಟನ್ನು ಇಳಿಸಿಕೊಂಡು ಒಳಗೆ ಓಡಿದೆ.

ಆ ಶ್ರಾವಣ ನಮ್ಮ ಮನೆಯಲ್ಲಿ ಒಂದು ಶಾಲೆಯೇ ನಡೆಯಿತು. ಅತ್ತೆ ಪಡಸಾಲೆಯ ಮಧ್ಯೆ ಕೂತು ಹೇಳುವುದು, ಕಾಕಾ ಕೆಲಸ ಮಾಡುತ್ತಲೇ ಅದನ್ನು ತಿರುಗಿ ಒಪ್ಪಿಸುವುದು. ಬಾಣಂತಿ ಮನೆಗೆ ಏನು ಒಯ್ಯಬೇಕು, ತವರಿಗೆ ಬಂದವಳ ಉಡಿ ಹೇಗೆ ತುಂಬಬೇಕು, ಜಂಗಮರು ಬಂದರೆ ಎಲ್ಲಿ ಕೂರಿಸಬೇಕು, ಹುಡುಗಿ ದೊಡ್ಡವಳಾದಾಗ ಯಾರಿಗೆ ಹೇಳಿಕಳಿಸಬೇಕು. ಕೊನೆಯದನ್ನು ಹೇಳುವಾಗ ಅತ್ತೆಯ ಧ್ವನಿ ಒಮ್ಮೆಲೇ ಇಳಿಯಿತು. ಕಾಕಾ ಕಿವಿ ಕೆಂಪಗೆ ಮಾಡಿಕೊಂಡು ಅದನ್ನೂ ಕೇಳಿಕೊಂಡ. ನಾಲ್ಕು ವರ್ಷದ ಮೇಲೆ ಆ ದಿನ ಬಂದಾಗ ನನ್ನನ್ನು ಒಂದು ಮಾತೂ ಕೇಳದೆ, ನೇರ ಹೋಗಿ ಆಯಿಯನ್ನು ಕರೆದುಕೊಂಡು ಬಂದು ಬಿಟ್ಟು ತಾನು ಸಂಜೆಯವರೆಗೆ ಹೊಲಕ್ಕೆ ಹೋಗಿ ಕೂತಿದ್ದ.

ರೊಟ್ಟಿಯ ಅಂಚೂ ತೆಳುವಾಯಿತು. ಅತ್ತೆ ಅವನ ಬೆನ್ನ ಹಿಂದೆ ನಿಂತು, “ಗಿರಣಿ ಬಿಟ್ಟು ಬಂದೀಯಪಾ, ಇನ್ನ ಆ ಅಂಚು ಬಿಡು” ಎನ್ನುತ್ತಿದ್ದಳು. ಹಿತ್ತಲಿಗೆ ಬಂದು ಸಾಲುಗಳನ್ನು ನೋಡಿ, ಎಲ್ಲಾ ಹೊಟ್ಟೆಗೇ ಬೆಳೆದಿದ್ದೀಯಲ್ಲ ಎಂದು ಬೈದಳು. “ಮನಿಯಾಗ ಹೆಣ್ಣಕೂಸ ಐತಿ. ತಲಿಗೆ ಒಂದ ಹೂವಾ ಬ್ಯಾಡೇನ?” ಕಾಕಾ ನಿಜವಾಗಿಯೂ ನಾಚಿಕೊಂಡ. ಅಂದೇ ಮೆಂತ್ಯೆಯ ಒಂದು ಸಾಲು ಕಿತ್ತು ಸೇವಂತಿಗೆ ಹಚ್ಚಿದ. ಅದು ಮೊದಲ ಸಲ ಬಿಟ್ಟಾಗ ಹೂವಿನ ಭಾರಕ್ಕೆ ನನ್ನ ಜಡೆ ಜಗ್ಗುವಷ್ಟು ಮುಡಿಸಿದ. ಜಡೆ ಹೆಣೆಯುವುದನ್ನು ಅತ್ತೆಯಿಂದಲೇ ಕಲಿತಿದ್ದ. ಬಿಗಿ ಎಷ್ಟಿರುತ್ತಿತ್ತೆಂದರೆ ಇಡೀ ದಿನ ನನ್ನ ಹುಬ್ಬು ಮೇಲೇರಿಯೇ ಇರುತ್ತಿತ್ತು.

ಶ್ರಾವಣ ಮುಗಿದ ಮೇಲೆ ಅತ್ತೆ ಒಬ್ಬಳೇ ಮೂಡಲಗಿಗೆ ಹೋದಳು. ಮುಂದಿನ ಶ್ರಾವಣಕ್ಕೆ ಮತ್ತೆ ಬಂದಳು. ಅದರ ಮುಂದಿನ ಶ್ರಾವಣಕ್ಕೂ. ಬರುವಾಗ ನನಗೆ ಕುಬಸದ ಅರಿವೆ, ಬಳೆ, ಬೆಲ್ಲದ ಉಂಡಿ. ಇರುವಷ್ಟು ದಿನ ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಹೋಗುವಾಗ ಕಾಕಾ ಅವಳ ಉಡಿ ತುಂಬಿ, ಚಕ್ಕಡಿಯ ಜೊತೆ ಊರ ಅಗಸಿ ಬಾಗಿಲಿನವರೆಗೆ ನಡೆದು ಹೋಗಿ ಬರುತ್ತಿದ್ದ.

ನನ್ನನ್ನು ಗೋಕಾಕಕ್ಕೆ ಕೊಟ್ಟರು. ಹೊಸದರಲ್ಲಿ ಗಂಡನ ಮನೆಯವರಿಗೆ ನಾನೊಂದು ತಮಾಷೆಯಾಗಿದ್ದೆ. ಗಂಡಸಿನಂತೆ ಉದ್ದುದ್ದ ಕಸ ಹೊಡೆಯುತ್ತಿದ್ದೆ. ಸೀರೆಯನ್ನು ಧೋತರದಂತೆ ಮಡಚುತ್ತಿದ್ದೆ. ಬೀಸುವಾಗ ಹಾಡು ಬಿಟ್ಟು ದಿನದ ಕೆಲಸಗಳನ್ನು ಹೇಳಿಕೊಳ್ಳುತ್ತಿದ್ದೆ. “ಯಾರ ಕಲಿಸ್ಯಾರವಾ ನಿನಗ?” ಎಂದು ಗಂಡನ ತಾಯಿ ಕೇಳಿದಾಗ, ನಮ್ಮ ಕಾಕಾ ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬರಲಿಲ್ಲ. ರೊಟ್ಟಿ ಬಡಿದು ಹಾಕಿದೆ, ಉಬ್ಬಿತು, ನಗು ನಿಂತಿತು. ಆಮೇಲೆ ಆ ಮನೆಯಲ್ಲಿ ಏನು ರೂಢಿ, ಏನು ಪದ್ಧತಿ ಎಂದು ಸಂಶಯ ಬಂದರೆ, “ಹುಕ್ಕೇರಿ ಕಾಕಾಗ ಹೇಳಿಕಳಸ್ರಿ” ಎನ್ನುವಂತಾಯಿತು. ಕಾಕಾ ಬಂದು ಹೆಂಗಸರ ನಡುವೆ ಕೂತು ಗಂಭೀರವಾಗಿ ಹೇಳಿ ಹೋಗುತ್ತಿದ್ದ.

ಮದುವೆ ಏಕೆ ಮಾಡಿಕೊಳ್ಳಲಿಲ್ಲ ಎಂದು ಒಮ್ಮೆ ಕೇಳಿದ್ದೆ. “ಬಂದಾಕಿ ನನ್ನ ಒಲಿ ಬಿಡ ಅಂದರ?” ಎಂದು ನಕ್ಕಿದ್ದ. ನನಗಾಗಿ ತ್ಯಾಗ ಮಾಡಿದ ಎಂದು ಊರವರು ಹೇಳುತ್ತಿದ್ದರು. ನಾನು ಹಾಗೆ ಹೇಳುವುದಿಲ್ಲ. ಒಲೆಯ ಮುಂದೆ ಕೂತ ಕಾಕಾನ ಮುಖ ನೋಡಿದವರಿಗೆ ಗೊತ್ತು, ಅವನಿಗೆ ಅದು ಬಹಳ ಸೇರುತ್ತಿತ್ತು.

ಅವನು ಹೋದದ್ದು ಬೇಸಗೆಯ ಒಂದು ಮುಂಜಾನೆ. ಅಪ್ಪ ಅದಕ್ಕೆ ಕೆಲವು ವರ್ಷ ಮೊದಲೇ ತೀರಿಕೊಂಡಿದ್ದ. ಕಾಕಾನಿಗೆ ನಾಲ್ಕು ದಿನದ ಜ್ವರ. ನಾನು ಗೋಕಾಕದಿಂದ ಬಂದಾಗ ಮಾತು ನಿಂತಿತ್ತು, ಕಣ್ಣು ಗುರುತು ಹಿಡಿಯಿತು. ಅವನ ಬಲಗೈ ಹಿಡಿದುಕೊಂಡೆ. ಜ್ವರದಲ್ಲಿ ಮಲಗಿದ್ದಕ್ಕೆ ಅದರ ಮೇಲೆ ನವಿರಾಗಿ ಕೂದಲು ಬಂದಿತ್ತು. ಬಿಳಿ ಕೂದಲು. ಹೊಲದಲ್ಲಿ ಅವ್ವನ ಸಮಾಧಿಯ ಬಾಜೂಕ್ಕೆ ಅವನನ್ನು ಮಣ್ಣು ಮಾಡಿದರು. ಓಣಿಯ ಹೆಂಗಸರೆಲ್ಲ ಹೊಲದವರೆಗೆ ನಡೆದು ಬಂದರು.

ಮೂಡಲಗಿ ಅತ್ತೆಯೂ ಬಂದಿದ್ದಳು. ಎತ್ತರ ಬಗ್ಗಿತ್ತು, ಧ್ವನಿಯೂ ಬಗ್ಗಿತ್ತು. ಗಂಡ ಹೋದ ಮೇಲೆ ಮೈದುನನ ಮಕ್ಕಳ ಮನೆಯಲ್ಲಿ ಇದ್ದಳು. ಮಣ್ಣು ಮುಗಿಸಿ ಎಲ್ಲರೂ ಹೋದ ಮೇಲೆ ನಾವಿಬ್ಬರೇ ಹಿತ್ತಲಿನಲ್ಲಿ ಕೂತಿದ್ದೆವು. ನಾನು ಹೇಳಿದೆ: “ಅವತ್ತ ಕಾಕಾ ಇಲ್ಲೇ ನಿಂತು ನಿನ್ನ ಕಾಲ ಹಿಡಕೊಂಡು ನನ್ನ ಉಳಿಸಿಕೊಂಡಾ.”

ಅತ್ತೆ ನನ್ನ ಮುಖ ನೋಡಿದಳು. “ಯಾರ ಹೇಳಿದರ ನಿನಗ? ಅಂವ ಯಾರ ಕಾಲೂ ಹಿಡೀಲಿಲ್ಲ. ‘ಅಕ್ಕಾ, ನಿನಗ ಮಕ್ಕಳಿಲ್ಲ. ನೀ ಈ ಕೂಸಿನ್ನ ಕರಿಯಾಕ ಬಂದದ್ದು ಯಾತಕ್ಕಂತ ನನಗ ತಿಳಿತೈತಿ. ಆದರ ಅಕಿಗೆ ಅವ್ವನೂ ಹೋಗಿ ಮನಿನೂ ಹೋಗೂದು ಬ್ಯಾಡ. ವರ್ಷಾ ವರ್ಷಾ ನೀನ ಇಲ್ಲಿಗೆ ಬಾ. ಅಕಿ ನಿನ್ನ ಮಗಳು, ಇದು ನಿನ್ನ ಮಗಳ ಮನಿ’ ಅಂದಾ. ನನಗ ಮಕ್ಕಳಿಲ್ಲ ಅನ್ನೂದನ್ನ ಅಲ್ಲೀತನಾ ಎಲ್ಲಾರೂ ನನ್ನ ಹಿಂದ ಅಂದಿದ್ದರು. ಮುಂದ ನಿಂತು ಅಂದಾಂವ ಅಂವ ಒಬ್ಬನ. ನೋವಾಗದಂಗ ಅಂದಾ.”

ಇಷ್ಟು ವರ್ಷ ನಾನು ತಿಳಿದದ್ದು ಅರ್ಧವಾಗಿತ್ತು. ಕಾಕಾ ನನ್ನನ್ನು ಬಿಟ್ಟುಕೊಡಲಿಲ್ಲ ಎಂದಷ್ಟೇ ಗೊತ್ತಿತ್ತು. ಅಕ್ಕನನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ ಎಂಬುದು ಗೊತ್ತಿರಲಿಲ್ಲ. ನನಗೆ ಒಂದು ಮನೆಯನ್ನೂ ಒಬ್ಬ ತಾಯಿಯನ್ನೂ ಒಂದೇ ಮಾತಿನಲ್ಲಿ ಕೊಟ್ಟು, ಅದನ್ನು ಎಂದೂ ಬಾಯಿಬಿಟ್ಟು ಹೇಳದೆ ಹೋದ. ಅವನ ಋಣ ತೀರಿಸುತ್ತೇನೆ ಎಂಬ ಮಾತು ನನ್ನ ಬಾಯಲ್ಲಿ ಶೋಭಿಸುವುದಿಲ್ಲ. ಆದರೆ ಮುಂದೆ ಏನು ಮಾಡಬೇಕೆಂದು ಅಂದು ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ.

ಕಾಕಾನ ದಿನಕರ್ಮಗಳು ಮುಗಿದ ಮೇಲೆ ಗೋಕಾಕಕ್ಕೆ ಹೊರಡುವ ಚಕ್ಕಡಿ ಬಾಗಿಲಿಗೆ ಬಂತು. ಅತ್ತೆ ಕಟ್ಟೆಯ ಮೇಲೆ ತನ್ನ ಸಣ್ಣ ಗಂಟು ಹಿಡಿದು ಮೂಡಲಗಿಯಿಂದ ಯಾರಾದರೂ ಬರುವ ದಾರಿ ಕಾಯುತ್ತ ಕೂತಿದ್ದಳು. ನಾನು ಆ ಗಂಟನ್ನು ತೆಗೆದು ನನ್ನ ಚಕ್ಕಡಿಯಲ್ಲಿ ಇಟ್ಟೆ.

“ಏಳು, ಹೋಗೂಣು” ಎಂದೆ.

“ಎಲ್ಲಿಗೆ?”

“ಮಗಳ ಮನಿಗೆ.”

ಅತ್ತೆ ಚಕ್ಕಡಿಯಲ್ಲಿದ್ದ ತನ್ನ ಗಂಟನ್ನು ನೋಡಿದಳು. ಆಮೇಲೆ ಸೀರೆ ಕೊಡವಿಕೊಂಡು ಎದ್ದಳು.